ಎಡೆ ಉಂಡ ನಾಯಿಗೊಂದು ಮನೆ

ಉಪ್ಪು ಹಾಕದೆ ಬೇಯಿಸಿದ ಸಿಹಿಗುಂಬಳದ ವಾಸನೆ ಒಮ್ಮೆ ಮೂಗಿಗೆ ಅಂಟಿದರೆ ಬಿಡುವುದು ಕಷ್ಟ. ಸಿಹಿಯೂ ಅಲ್ಲ, ಸಪ್ಪೆಯೂ ಅಲ್ಲ, ಜ್ವರ ಬಂದವರಿರುವ ಮನೆಯ ಅಡುಗೆಕೋಣೆಯ ವಾಸನೆ. ಕಳೆದ ವಾರ ಚನ್ನಗಿರಿಯಲ್ಲಿ ಒಂದು ಹೋಟೆಲಿನ ಹಿಂಬಾಗಿಲಿಗೆ ಓಮ್ನಿ ನಿಲ್ಲಿಸಿ ಬನ್ನಿನ ಟ್ರೇ ಇಳಿಸುತ್ತಿದ್ದಾಗ ಆ ವಾಸನೆ ಬಂತು. ಒಳಗೆ ಯಾರೋ ಪಲ್ಯಕ್ಕೆಂದು ಕುಂಬಳ ಬೇಯಲು ಇಟ್ಟಿದ್ದರು, ಅಷ್ಟೇ. ನಾನು ಮಾತ್ರ ಟ್ರೇ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನಮ್ಮ ಎದುರು ಮನೆಯ ನರ್ಸಮ್ಮ ನೆನಪಾದರು... ನೆನಪಾದರು ಅನ್ನುವುದಕ್ಕಿಂತ, ಪಕ್ಕದಲ್ಲೇ ಬಂದು ನಿಂತು "ಅದೇನ್ ಬಾಯಿ ಬಿಟ್ಕಂಡು ನಿಂತೀಯೋ, ಇಳಿಸು" ಅಂದ ಹಾಗಾಯಿತು.

ಹೊನ್ನಾಳಿಯ ನಮ್ಮ ಓಣಿಯ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿಕೊಂಡವರು ಅವರು. ನಾನೂ ಅದರಲ್ಲೊಬ್ಬ. ಹಾಗಾಗಿ ನಾವು ಎಷ್ಟೇ ದೊಡ್ಡವರಾದರೂ ಅವರ ಕಣ್ಣಿಗೆ ಮೈಮೇಲೆ ಬಟ್ಟೆಯಿಲ್ಲದ ಕೂಸುಗಳೇ. ರಿಟೈರ್ ಆದ ಮೇಲೆ, ಗಂಡ ತೀರಿಕೊಂಡ ಮೇಲೆ, ಮನೆಯ ಹಿಂದೆ ಮೆಕ್ಕೆಜೋಳ ತುಂಬುತ್ತಿದ್ದ ತಗಡಿನ ಶೆಡ್ಡಿನಲ್ಲಿ ನಾಯಿಗಳನ್ನು ಇಟ್ಟುಕೊಂಡರು. ಮುದ್ದು ಮುದ್ದಾದ ಮರಿಗಳನ್ನಲ್ಲ; ಮುಪ್ಪಾದವು, ಕುಂಟುವವು, ಸಾಕಿದವರೇ ಊರ ಹೊರಗೆ ಬಿಟ್ಟು ಹೋದವು. ಒಂದಿಷ್ಟು ದಿನ ಸಾಕಿ, ಗಾಯ ಮಾಗಿಸಿ, ಯಾರದಾದರೂ ಮನೆ ಹುಡುಕಿ ಕೊಡುವರು. ನಾನು ಬನ್ನು, ರಸ್ಕು, ಖಾರ ಹೇರಿಕೊಂಡು ನ್ಯಾಮತಿ, ಚನ್ನಗಿರಿ, ಜಗಳೂರು ಅಂತ ಲೈನು ತಿರುಗುವವನಾದ್ದರಿಂದ ನಾಯಿ ಸಾಗಿಸುವ ಕೆಲಸ ನನ್ನ ತಲೆಗೇ ಬಂತು. ಆಗೆಲ್ಲ ನರ್ಸಮ್ಮ ಮುಂದಿನ ಸೀಟಿನಲ್ಲಿ ಕೂತು, ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ನನ್ನನ್ನು ಬೈಯುತ್ತಾ ಬರುತ್ತಿದ್ದರು.

ಆ ಶೆಡ್ಡಿಗೆ ಕೊನೆಗೆ ಬಂದದ್ದು ಮುದ್ದೆ. ಹೆಸರಿಟ್ಟವರು ನರ್ಸಮ್ಮನೇ, ನೋಡಿದ ಯಾರೂ ಬೇರೆ ಹೆಸರು ಯೋಚಿಸುವ ಹಾಗಿರಲಿಲ್ಲ. ಕಂದು ಬಣ್ಣದ ಮುದಿ ಗಂಡು ನಾಯಿ, ಮೂತಿಯೆಲ್ಲ ಬೆಳ್ಳಗೆ. ಕುತ್ತಿಗೆ ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಶುರುವಾಗುತ್ತದೆ ಅಂತ ಹೇಳಲು ಆಗುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದರೆ ಕೂತು ಏದುಸಿರು ಬಿಡುತ್ತಿತ್ತು. ಅಷ್ಟು ದಪ್ಪ ಆದದ್ದು ಹೊಳೆ ದಂಡೆಯ ಸ್ಮಶಾನದಲ್ಲಿ.

ನಮ್ಮ ಕಡೆ ಸತ್ತವರ ಹಾಲು-ತುಪ್ಪದ ದಿನ, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಎಡೆ ಇಟ್ಟು, ಕಾಗೆ ಬಂದು ಮುಟ್ಟಲಿ ಅಂತ ದೂರ ನಿಂತು ಕಾಯುತ್ತಾರೆ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ ಲೆಕ್ಕ. ಆಗ ಒಬ್ಬೊಬ್ಬರಾಗಿ ಮುಂದೆ ಬಂದು, ಮಗಳ ಮದುವೆ ಮಾಡ್ತೀವಿ, ಅವ್ವನ್ನ ಚೆನ್ನಾಗಿ ನೋಡ್ಕೊಂತೀವಿ ಅಂತ ಗಟ್ಟಿಯಾಗಿ ಮಾತು ಕೊಡುತ್ತಾರೆ. ಈಗ ಕಾಗೆಗಳೇ ಕಡಿಮೆ. ಎಷ್ಟು ಮಾತು ಕೊಟ್ಟರೂ ಬರದೇ ಇದ್ದಾಗ ಈ ನಾಯಿ ಎಲ್ಲಿಂದಲೋ ಎದ್ದು ಬಂದು ಎಲೆ ಖಾಲಿ ಮಾಡುತ್ತಿತ್ತಂತೆ. ಸುಮ್ಮನೆ ಬಾಯಿ ಹಾಕುತ್ತಿರಲಿಲ್ಲ. ಎಲೆಯ ಮುಂದೆ ನಿಂತು, ಯಾರೂ ಇಲ್ಲದ ಕಡೆ ಕತ್ತೆತ್ತಿ ನೋಡಿ, ಬಾಲ ಅಲ್ಲಾಡಿಸಿ, ಆಮೇಲೆ ತಿನ್ನುತ್ತಿತ್ತು. ಹೋದವರು ತಿನ್ನು ಅಂದ ಮೇಲೇ ತಿನ್ನುತ್ತದೆ ಅಂತ ಊರಲ್ಲಿ ಸುದ್ದಿಯಾಯಿತು. ಕಾಗೆಗೆ ಕಾಯುವುದನ್ನೇ ಬಿಟ್ಟು ಜನ ನಾಯಿಗೆ ಕಾಯತೊಡಗಿದರು.

ದನದ ಡಾಕ್ಟರು ಒಂದು ದಿನ ಅದರ ಎದೆಗೆ ಕಿವಿಗೊಟ್ಟು, ಇದು ಹೀಗೇ ತಿಂದರೆ ಜಾಸ್ತಿ ದಿನ ಇರಲ್ಲ ಅಂದರು. ಅವತ್ತೇ ನರ್ಸಮ್ಮ ಅದನ್ನು ಶೆಡ್ಡಿಗೆ ತಂದು ಬಾಗಿಲು ಹಾಕಿದರು. ಬೆಳಿಗ್ಗೆ ಸಂಜೆ ಬೇಯಿಸಿದ ಕುಂಬಳ, ಮೇಲೊಂದು ಹಿಡಿ ಅನ್ನ. ಓಣಿ ತುಂಬ ಅದೇ ವಾಸನೆ. ಆದರೆ ಮುದ್ದೆ ಇಳಿಯುವ ಬದಲು ಇನ್ನಷ್ಟು ಉಬ್ಬಿತು. ಕುಂಬಳ ತಿಂದು ದಪ್ಪ ಆಗುವ ನಾಯಿಯನ್ನು ನಾನು ಕಂಡಿರಲಿಲ್ಲ.

ಕಾರಣ ನನಗೇ ಕಂಡಿತು. ಒಂದು ಮಧ್ಯಾಹ್ನ ಖಾಲಿ ಟ್ರೇ ತೊಳೆಯಲು ನರ್ಸಮ್ಮನ ಹಿತ್ತಲ ನಲ್ಲಿಗೆ ಹೋಗಿದ್ದಾಗ, ಶೆಡ್ಡಿನ ಹಿಂಬದಿಯ ಕಿತ್ತ ತಗಡಿನ ಸಂದಿನಿಂದ ನಮ್ಮ ಓಣಿಯದೇ ಒಬ್ಬ ಹೆಂಗಸು ಹೋಳಿಗೆ, ವಡೆ ಇಟ್ಟ ಎಲೆಯನ್ನು ಒಳಗೆ ತಳ್ಳುತ್ತಿದ್ದಳು. ಅವಳ ಅಣ್ಣ ಹೋಗಿ ಸ್ವಲ್ಪ ದಿನವಾಗಿತ್ತು. ಸಂದಿನಿಂದ ತಲೆ ಹೊರಗೆ ಹಾಕಿದ ಮುದ್ದೆ ಎಲೆಯನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಅವಳ ಬಲಗಡೆ, ಎತ್ತರದ ಗಂಡಸು ನಿಂತರೆ ಮುಖ ಎಲ್ಲಿ ಬರುತ್ತದೋ ಅಲ್ಲಿಗೆ ಕತ್ತೆತ್ತಿ ನೋಡಿತು. ಕಿವಿ ಹಿಂದಕ್ಕೆ ಮಡಚಿ ತಲೆ ತಗ್ಗಿಸಿತು. ಅದರ ನೆತ್ತಿಯ ಕೂದಲು ಯಾರೋ ಸವರಿದ ಹಾಗೆ ಒಂದೇ ಕಡೆಗೆ ಒರಗಿತು. ಗಾಳಿ ಇರಲಿಲ್ಲ... ನಾನು ದೆವ್ವ, ಗಾಳಿ ಅಂತ ನಂಬುವವನಲ್ಲ. ಆದರೂ ಅವತ್ತು ಟ್ರೇಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ನರ್ಸಮ್ಮನಿಗೆ ಹೇಳಿದಾಗ ಅವರು ಹೆದರಲಿಲ್ಲ, ಸಿಟ್ಟಾದರು. "ಅದಕ್ಕೆ ಯಾರು ಕಾಣ್ತಾರೋ ಬಿಡ್ತಾರೋ ನಂಗೆ ಬ್ಯಾಡ. ಅದರ ಉಬ್ಬಸ ನನ್ನ ಕಣ್ಣಿಗೆ ಕಾಣ್ತೈತೆ, ಅಷ್ಟು ಸಾಕು" ಅಂದು ಮರುದಿನವೇ ತಗಡಿಗೆ ಮೊಳೆ ಹೊಡೆಸಿದರು.

ಅಷ್ಟರಲ್ಲಿ ಅವರ ಕಾಲಿಗೂ ನೀರು ತುಂಬಿಕೊಳ್ಳಲು ಶುರುವಾಗಿತ್ತು. ಬೆರಳು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಅಷ್ಟು ಮಂದಿಯ ಕಾಯಿಲೆ ನೋಡಿದವರಿಗೆ ತಮ್ಮದು ಗೊತ್ತಾಗದೇ ಇರುತ್ತದೆಯೇ? ಶೆಡ್ಡಿನ ನಾಯಿಗಳನ್ನೆಲ್ಲ ಒಂದೊಂದಾಗಿ ಒಂದೊಂದು ಮನೆಗೆ ಸೇರಿಸಿದರು. ಮುದ್ದೆ ಒಂದೇ ಉಳಿಯಿತು.

"ನಾನು ಹೋದ್ರೆ ಇದು ಸೀದಾ ಹೊಳೆ ದಂಡೆಗೇ ಹೋಗ್ತೈತೆ. ಜನ ಕೈ ಮುಗುದು ಮುಗುದು ತಿನ್ನಿಸಿ ಕೊಲ್ತಾರೆ. ಇದನ್ನ ನಾಯಿ ಅಂತ ಸಾಕೋರು ಒಬ್ರು ಸಿಕ್ಕಿದ್ರೆ ಸಾಕು ಕಣೋ" ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನನ್ನ ಮಗಳು ಮುದ್ದೆಯ ಫೋಟೊ ತೆಗೆದು ವಾಟ್ಸಾಪ್‌ ಗ್ರೂಪುಗಳಿಗೆ ಹಾಕಿದಳು. ಬಂದ ಮೊದಲ ಉತ್ತರ, "ಗಬ್ಬ ಐತಾ?" ಅಂತ. ನರ್ಸಮ್ಮ ಅದಕ್ಕೆ ಕೊಟ್ಟ ಮಾರುತ್ತರ ಇಲ್ಲಿ ಬರೆಯುವಂಥದ್ದಲ್ಲ.

ನ್ಯಾಮತಿಯ ಒಂದು ಮನೆಯವರು ಕಾವಲಿಗೆ ಬೇಕು ಅಂದರು. ಕರೆದುಕೊಂಡು ಹೋದೆವು. ಮುದ್ದೆ ಪಡಸಾಲೆಯಲ್ಲಿ ಕೂತಿದ್ದವರನ್ನೆಲ್ಲ ದಾಟಿ, ನಡುಮನೆಯ ಮೂಲೆಯ ಖಾಲಿ ಮಂಚದ ಹತ್ತಿರ ಹೋಗಿ ನಿಂತಿತು. ದಿಂಬಿನ ಕಡೆ ನೋಡಿ ಬಾಲ ಅಲ್ಲಾಡಿಸಿತು. ಆಮೇಲೆ ಮಂಚದ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ಮಲಗಿತು. ಆ ಮನೆಯ ಸೊಸೆಯ ಮುಖ ನೋಡಬೇಕಿತ್ತು. ಅತ್ತೆ ಆರು ತಿಂಗಳು ಮಲಗಿ ತೀರಿಕೊಂಡ ಮಂಚವಂತೆ. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ, "ನಮ್ಮನೇಲಿ ಬ್ಯಾಡ ರೀ, ತಪ್ಪು ತಿಳ್ಕಬ್ಯಾಡ್ರಿ" ಅಂತ ನಾಯಿಯನ್ನು ವಾಪಸ್ಸು ಓಮ್ನಿಗೆ ಹತ್ತಿಸಿದ್ದರು.

ತ್ಯಾವಣಿಗೆಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅವರೇ ಫೋನು ಮಾಡಿ, ಮಗನ ಹಾಗೆ ಸಾಕುತ್ತೇವೆ ಅಂದಿದ್ದರು. ನರ್ಸಮ್ಮ ಖುಷಿಯಲ್ಲಿ ಇಸ್ತ್ರಿ ಸೀರೆ ಉಟ್ಟು ಬಂದಿದ್ದರು. ಬಾಗಿಲು ತೆಗೆದರೆ ಒಳಗೆ ಊದಿನಕಡ್ಡಿಯ ಹೊಗೆ, ಗೋಡೆಗೆ ಒರಗಿಸಿದ ಯುವಕನ ಫೋಟೊ, ಮುಂದೆ ತುದಿ ಬಾಳೆಎಲೆಯ ತುಂಬ ಎಡೆ. ನೆಂಟರೆಲ್ಲ ಎರಡೂ ಕಡೆ ಉಸಿರು ಬಿಗಿಹಿಡಿದು ಕೂತಿದ್ದರು. ಮುದ್ದೆ ಫೋಟೊದ ಪಕ್ಕದ ಗೋಡೆಯನ್ನು ನೋಡಿ ಬಾಲ ಅಲ್ಲಾಡಿಸಿದ್ದೇ ತಡ, ಆ ಹುಡುಗನ ತಾಯಿ "ಏನಂತಾನೆ? ನನ್ನ ಕೂಸು ಏನಂತಾನೆ?" ಅಂತ ಅದರ ಕುತ್ತಿಗೆ ತಬ್ಬಿಕೊಂಡಳು. ಅದು ಉಸಿರು ಕಟ್ಟಿ ಕೆಮ್ಮಿತು. ನರ್ಸಮ್ಮ ಆಕೆಯ ಕೈಯನ್ನು ಮೆಲ್ಲಗೆ ಬಿಡಿಸಿ, ಸ್ವಲ್ಪ ಹೊತ್ತು ಆಕೆಯ ಜೊತೆ ನೆಲದ ಮೇಲೆ ಕೂತು, ಆಮೇಲೆ ನಾಯಿ ಕರೆದುಕೊಂಡು ಎದ್ದರು. ಗಾಡಿಯಲ್ಲಿ ಕೂತ ಮೇಲೆ ಕಣ್ಣೊರೆಸಿಕೊಂಡರು. ಆ ತಾಯಿಗೆ ಅತ್ತರೋ ಮುದ್ದೆಗೆ ಅತ್ತರೋ ನನಗೆ ಗೊತ್ತಾಗಲಿಲ್ಲ. ಹೆದರುವವರು ಸಿಗುತ್ತಿದ್ದರು, ಕೈ ಮುಗಿಯುವವರು ಸಿಗುತ್ತಿದ್ದರು. ಬಾ ಇಲ್ಲಿ ಅಂತ ಕರೆದು ಬೆನ್ನು ಕೆರೆಯುವವರು ಮಾತ್ರ ಸಿಗುತ್ತಿರಲಿಲ್ಲ.

ಕೊನೆಗೆ ಜಗಳೂರಿನ ಆಚೆ ಸೊಕ್ಕೆಯಿಂದ ಒಬ್ಬಾಕೆ ಫೋನು ಮಾಡಿದರು. ಮನೆಯಲ್ಲೇ ಬ್ಲೌಸು ಹೊಲಿಯುವವರು, ಗಂಡ ಹೈಸ್ಕೂಲಿನಲ್ಲಿ ಅಟೆಂಡರು. ಕೇಳಿದ್ದು ಒಂದೇ ಪ್ರಶ್ನೆ, ನಾಯಿ ನಡೆಯುತ್ತದಾ ಅಂತ. ಹೋಗಿ ನೋಡಿದರೆ ಆಕೆಯೂ ಮುದ್ದೆಯಂತೆಯೇ ಧಾರಾಳ ಮೈಯವರು. "ನಂಗೂ ಶುಗರ್ ಐತೆ ರೀ. ಡಾಕ್ಟ್ರು ದಿನಾ ನಡೀರಿ ಅಂದಾರೆ. ಹೊಲದ ತನಕ ಒಬ್ಬಳೇ ನಡಿಯಾಕೆ ಬೇಜಾರು. ಸಣ್ಣ ನಾಯಿ ತಂದ್ರೆ ಓಡಿಸ್ತೈತೆ, ಇದಾದ್ರೆ ನನ್ನ ಸಮಕ್ಕೆ ಕೂತ್ಕಂಡು ಕೂತ್ಕಂಡು ಬರ್ತೈತೆ" ಅಂದು ನಕ್ಕರು.

ನರ್ಸಮ್ಮ ನಗಲಿಲ್ಲ. ಮುದ್ದೆಯನ್ನೇ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಅದು ಯಾವ ಮೂಲೆಗೂ ಕತ್ತೆತ್ತಲಿಲ್ಲ. ಹೊಲಿಗೆ ಮಿಷನ್ನಿನ ಪೆಡಲ್ ಮೂಸಿತು, ಗೋಡೆಯ ಮೇಲಿನ ಬುದ್ಧನ ಫೋಟೊದ ಕೆಳಗೆ ಬಿದ್ದಿದ್ದ ಬಟ್ಟೆಚೂರು ಮೂಸಿತು, ಬಂದು ಆಕೆಯ ಪಾದದ ಮೇಲೆ ಗದ್ದ ಇಟ್ಟು ಮಲಗಿತು.

"ನಿಮ್ಮಲ್ಲಿ ಎಡೆ ಇಡ್ತೀರೇನಮ್ಮ?" ನರ್ಸಮ್ಮ ಕೇಳಿದರು.

"ಇಲ್ಲ ರೀ. ನಮ್ಮ ಮಾವನೋರ ಕಾಲಕ್ಕೇ ಬಿಟ್ವಿ. ಬುದ್ಧ ವಂದನೆ ಮಾಡ್ತೀವಿ, ಅಷ್ಟೇ. ಹೋದೋರು ಬಂದು ಉಣ್ತಾರೆ ಅಂತ ನಾವು ನಂಬಲ್ಲ."

ನರ್ಸಮ್ಮನ ಮುಖ ಹೆರಿಗೆ ಸುಸೂತ್ರ ಆದಾಗ ಹೇಗಿರುತ್ತಿತ್ತು ಅಂತ ನಮ್ಮ ಅವ್ವ ಹೇಳುತ್ತಿದ್ದಳು. ಅವತ್ತು ನಾನೂ ಅದನ್ನು ಕಂಡೆ. ಕುಂಬಳ ಎಷ್ಟು ಬೇಯಬೇಕು ಅಂತ ಹೇಳಿಕೊಟ್ಟು, ಮುದ್ದೆಯ ಕಡೆ ತಿರುಗಿಯೂ ನೋಡದೆ ಗಾಡಿ ಹತ್ತಿದರು. ಸ್ವಲ್ಪ ದಿನ ಈ ಕಡೆ ಬರಬಾರದು, ಅದು ನಮ್ಮನ್ನು ಮರೆಯಬೇಕು ಅಂದರು.

ಮರೆಯಲು ಆಗದೇ ಇದ್ದದ್ದು ಅವರಿಗೇ. ಹಾಸಿಗೆ ಹಿಡಿದ ಮೇಲೆ ಒಂದು ದಿನ, "ಒಂದ್ಸಲ ಕರ್ಕಂಡು ಹೋಗೋ. ಬಾಗಿಲಾಗೆ ನಿಂತು ನೋಡ್ಕಂಡು ಬರ್ತೀನಿ" ಅಂದರು. ಕಾಲಿನ ಬಾವು ಇಳಿಯಲಿ, ಹೋಗೋಣ ಅಂದೆ. ಬಾವು ಇಳಿಯಲಿಲ್ಲ...

ಅವರ ಹಾಲು-ತುಪ್ಪದ ದಿನ ಹೊಳೆ ದಂಡೆಯಲ್ಲಿ ಅರ್ಧ ಊರು ಸೇರಿತ್ತು. ಅಪರೂಪಕ್ಕೆ ಅವತ್ತು ಕಾಗೆಯೂ ಬಂತು. ಎಲೆಯ ಅಂಚಿನ ತನಕ ಕುಪ್ಪಳಿಸಿ, ಎಡೆಯ ಸುತ್ತ ಒಂದು ಸುತ್ತು ಹಾಕಿ, ಮುಟ್ಟದೆ ಹಾರಿ ಹೋಯಿತು. ಅವರ ತಂಗಿ ಮಾತು ಕೊಟ್ಟರು, ತಂಗಿಯ ಮಕ್ಕಳು ಮಾತು ಕೊಟ್ಟರು. ಏನೂ ಆಗಲಿಲ್ಲ. ಆ ನಾಯಿ ತರಿಸಿ ಅಂತ ಯಾರೋ ಅಂದರು, ಎಲ್ಲರೂ ನನ್ನ ಕಡೆ ತಿರುಗಿದರು. ತರುವುದಿಲ್ಲ ಅಂದೆ. ಬೈದರು. ಇನ್ನೊಮ್ಮೆ ತರುವುದಿಲ್ಲ ಅಂದೆ. ಎಡೆಯನ್ನು ಹೊಳೆಗೆ ಬಿಟ್ಟರು. ಅವರ ತಂಗಿ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಜಗಳೂರು ಲೈನನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೆ, ಆ ಕಡೆ ಹೋಗುವ ಕೆಲಸವೇ ಇರಲಿಲ್ಲ. ಆದರೆ ಕಳೆದ ವಾರ ಚನ್ನಗಿರಿಯಲ್ಲಿ ಮಾಲು ಇಳಿಸಿದ ಮೇಲೆ ಗಾಡಿ ಊರಿನ ಕಡೆ ತಿರುಗಿಸಲು ಮನಸ್ಸಾಗಲಿಲ್ಲ. ಸಂತೇಬೆನ್ನೂರು ದಾಟಿದೆ, ದಾವಣಗೆರೆ ದಾಟಿದೆ. ಹಂಪ್ ಬಂದಲ್ಲೆಲ್ಲ ಬ್ರೇಕು ತುಳಿದು, ಎತ್ತಿ ಹಾಕದೆ, ಮೆಲ್ಲಗೆ ಇಳಿಸುತ್ತಿದ್ದೆ. ಒಬ್ಬನೇ ಇರುವಾಗ ನಾನು ಯಾವತ್ತೂ ಹಾಗೆ ಓಡಿಸುವವನಲ್ಲ ಅಂತ ಹೊಳೆದದ್ದು ಜಗಳೂರು ಹತ್ತಿರ ಬಂದಾಗ.

ಸೊಕ್ಕೆಯ ಆ ಮನೆಯ ಮುಂದೆ ಗಾಡಿ ನಿಂತ ಕೂಡಲೇ ಮುದ್ದೆ ಹೊರಗೆ ಬಂತು. ಈಗ ಅದಕ್ಕೊಂದು ಸೊಂಟ ಇತ್ತು, ಉಬ್ಬಸ ಇರಲಿಲ್ಲ. ಹಿಂದೆಯೇ ಆಕೆ ಬಂದು, "ನೋಡ್ರಣ್ಣ, ನನಗಿಂತ ಬೇಗ ಇಳೀತು" ಅಂತ ನಕ್ಕರು. ನಾನು ಇಳಿದು ಕರೆದೆ. ಅದು ನನ್ನ ಕಡೆ ನೋಡಲೇ ಇಲ್ಲ. ಗಾಡಿ ಸುತ್ತಿಕೊಂಡು ಎಡಗಡೆಯ ಬಾಗಿಲಿನ ಮುಂದೆ ಕೂತಿತು.

"ಯಾರನ್ನ ಕರ್ಕಂಡು ಬಂದೀರಿ?" ಆಕೆ ಕೇಳಿದರು.

ಹೋಗಿ ಬಾಗಿಲು ತೆಗೆದೆ. ಮುದ್ದೆ ಎದ್ದು ಹಿಂದೆ ಸರಿದು ಜಾಗ ಬಿಟ್ಟಿತು. ಕಿವಿ ಮಡಚಿ ತಲೆ ತಗ್ಗಿಸಿ ಕಣ್ಣು ಮುಚ್ಚಿತು. ತುಂಬ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಮನೆಯ ಕಡೆ ತಿರುಗಿ, ಎರಡು ಹೆಜ್ಜೆ ಇಟ್ಟು ನಿಂತು ಮೇಲೆ ನೋಡಿ, ಮತ್ತೆ ಎರಡು ಹೆಜ್ಜೆ ಇಟ್ಟು ನಿಂತು ಮೇಲೆ ನೋಡಿ ನಡೆಯಿತು. ಕಾಲು ಬಾತ ಯಾರನ್ನೋ ಕರೆದುಕೊಂಡು ಹೋಗುವವರ ನಡಿಗೆ. ಆಕೆಯ ನಗು ನಿಂತಿತ್ತು. ಹೋದವರು ಬರುತ್ತಾರೆ ಅಂತ ನಂಬದ ಆ ಹೆಂಗಸು ಸೆರಗು ಸರಿಮಾಡಿಕೊಂಡು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಚಹಾ ಕುಡಿದೆವು. ಮುದ್ದೆ ಹೊಲಿಗೆ ಮಿಷನ್ನಿನ ಹತ್ತಿರ ನಿದ್ದೆ ಹೋಗಿತ್ತು. ಹೊರಟಾಗ ಅದು ಕಣ್ಣು ತೆಗೆಯಲಿಲ್ಲ, ನಾನೂ ಎಬ್ಬಿಸಲಿಲ್ಲ.

ಜಗಳೂರು ದಾಟಿದ ಮೇಲೆ ಗಾಡಿ ಪಕ್ಕಕ್ಕೆ ಹಾಕಿ ಅತ್ತೆ. ಅವರು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಪಕ್ಕದ ಸೀಟು ಖಾಲಿ ಇತ್ತು. ಸೊಕ್ಕೆಗೆ ಹೋಗುವಾಗ ಅಷ್ಟು ದಾರಿಯಲ್ಲಿ ಅದು ಖಾಲಿ ಇದೆ ಅಂತ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.