ಆರಿಸಿದ ಸ್ಯಾಂಪಲ್

ಆ ಗೋದಾಮಿನಲ್ಲಿ ಎಲ್ಲರ ಬಾಯಲ್ಲೂ ಅವಳ ಹೆಸರು ಕಣ್ಣಕ್ಕ. ಹತ್ತೊಂಬತ್ತು ವರ್ಷದಿಂದ ತಗಡಿನ ಉದ್ದ ಮೇಜಿನ ಮುಂದೆ ಕೂತು ಕಡಲೆಬೀಜ ಆರಿಸುವುದು ಅವಳ ಕೆಲಸ. ಬೂಷ್ಟು ಹಿಡಿದ ಬೀಜ ಎಲ್ಲಿ ಅಡಗಿದ್ದರೂ ಅವಳ ಕಣ್ಣು ತಪ್ಪಿಸುವಂತಿರಲಿಲ್ಲ. ಗಂಡನ ಸುಳ್ಳನ್ನೂ ಹಾಗೇ ಆರಿಸಿ ಎಸೆಯುತ್ತಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಗಂಡ ಅದನ್ನು ಅಲ್ಲಗಳೆದದ್ದಿಲ್ಲ.

ಪಕ್ಕದಲ್ಲೇ ಕೂರುತ್ತಿದ್ದವಳು ಅವಳ ತಂಗಿ. ಮದುವೆಯಾದ ಏಳು ವರ್ಷಕ್ಕೆ ಬಸುರಿಯಾಗಿದ್ದಳು, ಈಗ ನಾಲ್ಕು ತಿಂಗಳು. ಮೂಟೆ ಸುರಿದಾಗಲೆಲ್ಲ ಏಳುವ ಹಸಿರು ಧೂಳು ತಂಗಿಯ ರೆಪ್ಪೆಯ ಮೇಲೆ ಕೂರುವುದನ್ನು ಕಂಡರೆ ಕಣ್ಣಕ್ಕ ಕೈಕೆಲಸ ಬಿಟ್ಟು ಸೆರಗಿನಿಂದ ಒರೆಸುತ್ತಿದ್ದಳು. ಬೂಷ್ಟಿನಲ್ಲಿ ವಿಷವಿರುತ್ತದೆ, ಬಸುರಿಯರು ಅದರಿಂದ ದೂರವಿದ್ದಷ್ಟೂ ಒಳ್ಳೆಯದು ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ತಂಗಿಯನ್ನು ಬಾಗಿಲ ಬಳಿ ಚೀಲ ಹೊಲಿಯಲು ಕೂರಿಸಿ, ಗೋಡೆಗೊಂದು ಧೂಳೆಳೆಯುವ ಫ್ಯಾನ್ ಹಾಕಿಸಿ ಎಂದು ಕಣ್ಣಕ್ಕ ಗೋದಾಮಿನ ಯಜಮಾನರ ಬೆನ್ನು ಬಿದ್ದಳು.

“ಒಬ್ಬಳನ್ನ ಎಬ್ಬಿಸಿದ್ರೆ ನಾಳೆ ಎಲ್ಲರೂ ಬಾಗಿಲ ಹತ್ರಾನೇ ಕೂರ್ತಾರೆ,” ಎಂದರು ಯಜಮಾನರು. “ವಿಷ ಮೈಯೊಳಗೆ ಹೋಗಿದೆ ಅಂತ ಕಾಗದದಲ್ಲಿ ತೋರ್ಸು. ಆಮೇಲೆ ನೋಡೋಣ.”

ಕಾಗದ ತಾನೇ, ತಂದರಾಯಿತು ಎಂದು ಕಣ್ಣಕ್ಕ ಡಾಕ್ಟರಮ್ಮನ ಮುಂದೆ ಹೋಗಿ ನಿಂತಳು. ಒಳಗೆ ಹೋದ ವಿಷದ ಒಂದು ಪಾಲು ಮೂತ್ರದಲ್ಲಿ ಹೊರಬರುತ್ತದೆ, ಅದನ್ನು ಲ್ಯಾಬಿನಲ್ಲಿ ಅಳೆಯಬಹುದು ಎಂದರು ಡಾಕ್ಟರಮ್ಮ. ಹದಿನಾಲ್ಕು ಬಾಟಲಿ ಕೊಟ್ಟು, “ಎಲ್ಲರ ಹತ್ರಾನೂ ಬೆಳಗಿನ ಸ್ಯಾಂಪಲ್ ತಗೊಂಡು ಬಾ,” ಎಂದರು. ಕಣ್ಣಕ್ಕ ಗೋದಾಮಿಗೆ ಬಂದು ಆ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

ವರದಿ ಬಂತು. ಹದಿನಾಲ್ಕರಲ್ಲಿ ಒಂದರಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

“ನೋಡಿದ್ಯಾ, ನಮ್ಮ ಧೂಳೂ ಚೊಕ್ಕ,” ಎಂದು ಯಜಮಾನರು ನಕ್ಕರು. ಕಣ್ಣಕ್ಕನಿಗೆ ಮೈಯೆಲ್ಲ ಉರಿಯಿತು. ಅಷ್ಟಕ್ಕೇ ಕೈಚೆಲ್ಲಿ ಕೂರುವ ಹೆಂಗಸಾಗಿದ್ದರೆ ಅವಳ ಕಥೆಯನ್ನು ನಾನು ಹೇಳುತ್ತಲೂ ಇರಲಿಲ್ಲ. ನೇರ ಆಸ್ಪತ್ರೆಗೆ ನಡೆದಳು.

ಡಾಕ್ಟರಮ್ಮನಿಗೂ ಅನುಮಾನವಿತ್ತು. “ಅರ್ಧಕ್ಕರ್ಧ ನೀರಿನ ಥರ ತೆಳ್ಳಗಿವೆ. ಇದೊಂದರಲ್ಲಿ ವಿಷದ ಸುಳಿವೇ ಇಲ್ಲ, ಕೊಟ್ಟವರು ಗೋದಾಮಿನ ಮುಖಾನೇ ನೋಡಿಲ್ಲ ಅನ್ಸುತ್ತೆ.”

ಮಾರನೆಯ ದಿನ ಊಟದ ಹೊತ್ತಿಗೆ ಕಣ್ಣಕ್ಕ ವಿಚಾರಣೆಗೆ ಕೂತಳು. ಮೂಟೆ ಎತ್ತುವವಳು ಚೊಕ್ಕಟವಾಗಿ ಬರಲಿ ಎಂದು ಎರಡು ಚೆಂಬು ನೀರು ಕುಡಿದಿದ್ದಳಂತೆ. ಐದಾರು ಜನ ವಾರದ ರಜೆಯಲ್ಲಿ ಚೆನ್ನಾಗಿ ಮಲಗೆದ್ದು, ಮರುದಿನ ಬೆಳಿಗ್ಗೆ ತುಂಬಿಸಿದ್ದರಂತೆ. ಎಲ್ಲರಿಗಿಂತ ಹಿರಿಯಳಾದ ಮೂಲೆಯ ಅಜ್ಜಿ ಕೊನೆಗೆ ಹೇಳಿದಳು: “ನಂದು ಕಡು ಬಣ್ಣಕ್ಕಿತ್ತು ಕಣೇ. ಅಂಥದ್ದನ್ನ ಯಾರಾದ್ರೂ ಸ್ಯಾಂಪಲ್ ಅಂತ ಕೊಡ್ತಾರಾ? ಸೊಸೇದು ನೋಡೋಕೆ ಚೆನ್ನಾಗಿತ್ತು. ಕೊಟ್ಟೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಣ್ಣಕ್ಕ ನಗಲಿಲ್ಲ, ಹಣೆ ಚಚ್ಚಿಕೊಂಡಳು. ಗೋದಾಮಿನಲ್ಲಿ ಸ್ಯಾಂಪಲ್ ಎಂದರೆ ಏನು? ವ್ಯಾಪಾರಿ ಬಂದಾಗ ಬಿಳಿ ತಟ್ಟೆಯಲ್ಲಿ ಹಾಕಿ ತೋರಿಸುವ, ಒಂದೊಂದೇ ಕಾಳು ಆರಿಸಿದ ಬೊಗಸೆ. ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ತೋರಿಸುವುದೇ ಅವರ ಬದುಕು. ಇಲ್ಲೂ ಅದನ್ನೇ ಮಾಡಿದ್ದರು. ಅವಳೂ, ಅವಳ ತಂಗಿಯೂ ಬಾಟಲಿ ತುಂಬಿಸಿದ್ದು ದಿನವಿಡೀ ಧೂಳು ಸೋಕದ ರಜೆಯ ಮಾರನೆಯ ದಿನವೇ. ಅಷ್ಟು ಚೂಪುಗಣ್ಣಿನವಳಿಗೆ ತನ್ನ ತಪ್ಪೇ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮತ್ತೆ ಬಾಟಲಿ ಬೇಕೆಂದು ಮೂರು ದಿನ ಆಸ್ಪತ್ರೆಯ ಬಾಗಿಲು ಕಾದಳು. ಇದರಲ್ಲಿ ತಿಳಿಯುವುದು ಹಿಂದಿನ ಒಂದೆರಡು ದಿನದ ಕಥೆ ಮಾತ್ರ ಎಂಬುದನ್ನೂ ಕೇಳಿ ತಿಳಿದುಕೊಂಡಳು. ವಾರದ ಕೊನೆಯ ಕೆಲಸದ ದಿನ ಮೇಜಿನ ಮೇಲೆ ಬಾಟಲಿಗಳನ್ನು ಜೋಡಿಸಿ ಹೇಳಿದಳು: “ಸ್ಯಾಂಪಲ್ ಬೇಡ. ನಾಳೆ ಎದ್ದ ತಕ್ಷಣ, ನೀರು ಕುಡಿಯೋಕೆ ಮುಂಚೆ, ಹೆಂಗೆ ಬರುತ್ತೋ ಹಂಗೆ. ಆರಿಸದೆ ಇರೋ ಮಾಲು ಬೇಕು ನಂಗೆ.”

ಮರುದಿನ ಬೆಳಿಗ್ಗೆ ಆರಕ್ಕೆಲ್ಲ ತಾನೇ ಮನೆಮನೆಗೆ ಹೋದಳು. ಅಜ್ಜಿಯ ಮನೆಯಲ್ಲಿ ಸೊಸೆಗೆ, “ನೀನು ಒಳಗೇ ಇರಮ್ಮ,” ಎಂದಳು.

ಈ ಸಲದ ವರದಿಯಲ್ಲಿ ಹನ್ನೊಂದು ಜನರ ಅಂಕಿ ಮೇಲಕ್ಕೆ ಹೋಗಿತ್ತು. ಕೆಟ್ಟ ವರದಿಯೇ ಬರಲಿ ಎಂದು ಹಗಲಿರುಳು ಬೇಡಿಕೊಂಡವಳು ಅವಳೇ. ಆದರೆ ಎಲ್ಲಕ್ಕಿಂತ ಮೇಲಿನ ಅಂಕಿ ತಂಗಿಯದು ಎಂದು ಕಂಡಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. ಆಮೇಲೆ ಮುಖ ತೊಳೆದು, ಕಾಗದ ಹಿಡಿದು, ಯಜಮಾನರ ಕೋಣೆಗೆ ಹೋದಳು.

ಯಜಮಾನರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಹೋದ ಸಲ ಚೆನ್ನಾಗಿತ್ತಲ್ಲ?”

“ಅದು ಆರಿಸಿದ್ದು, ಇದು ಮೂಟೆ. ಲಾರಿ ಮಾಲಿನಲ್ಲಿ ಇಷ್ಟು ಬೂಷ್ಟು ಸಿಕ್ಕಿದ್ರೆ ನೀವು ಲಾರೀನೇ ವಾಪಸ್ ಕಳಿಸ್ತೀರಿ. ನನ್ನ ತಂಗೀನ ಎಲ್ಲಿಗೆ ಕಳಿಸ್ತೀರಿ?”

ಯಜಮಾನರು ಕನ್ನಡಕ ತೆಗೆದಿಟ್ಟು ಬಾಗಿಲ ಕಡೆ ಕೈ ತೋರಿಸಿದರು. ತಂಗಿ ಅವತ್ತೇ ಬಾಗಿಲ ಬಳಿ ಸೂಜಿ ಹಿಡಿದು ಕೂತಳು. ಎಂಟು ದಿನಕ್ಕೆ ಗೋಡೆಯಲ್ಲಿ ಫ್ಯಾನೂ ತಿರುಗಿತು, ಮೂತಿಗೆ ಬಟ್ಟೆಯೂ ಬಂತು.

ತಿಂಗಳು ಕಳೆದ ಮೇಲೆ ಕಣ್ಣಕ್ಕ ಮತ್ತೆ ಬಾಟಲಿ ಹಂಚಿದಳು. ವರದಿಯಲ್ಲಿ ತಂಗಿಯ ಅಂಕಿ ಹುಡುಕಿದರೂ ಸಿಗದಷ್ಟು ಇಳಿದಿತ್ತು. ಕಣ್ಣಕ್ಕನಿಗೆ ನಂಬಿಕೆಯಾಗಲಿಲ್ಲ. ಮೂಟೆ ನೋಡುವಂತೆ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

“ನಿಜ ಹೇಳೇ. ಇದು ಆರಿಸಿದ್ದಾ?”

ಸೂಜಿಗೆ ದಾರ ಪೋಣಿಸುತ್ತಿದ್ದ ತಂಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಅಲ್ಲವೆಂದು ತಲೆಯಾಡಿಸಿದಳು.

“ಇಲ್ಲಕ್ಕ. ಹಂಗೇ ಬಂದಿದ್ದು.”