ಆರು ಇಪ್ಪತ್ತರ ಬಸ್ಸಿಗೆ ಮೊದಲು ಸನ್ಮಾನ

ಆಮಂತ್ರಣ ಪತ್ರಿಕೆಯಲ್ಲಿ ನಾಲ್ಕೂವರೆಗೆ ಸರಿಯಾಗಿ ಎಂದು ಅಚ್ಚು ಹಾಕಿಸಿದ್ದರು. ಹಾಗೆ ಅಚ್ಚು ಹಾಕಿಸಿದರೆ ಐದೂಕಾಲಿಗೆ ದೀಪ ಹಚ್ಚುತ್ತಾರೆ ಎಂಬುದು ನಮ್ಮ ಕಡೆ ಕುರ್ಚಿ ಹಾಕುವವರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ನಾಲ್ಕು ಗಂಟೆಗೇ ಹೋಗಿ ಮೈಕಿನ ಹತ್ತಿರ ನಿಂತಿದ್ದೆ. ಕುಂದಾಪುರದಲ್ಲಿ ಹೆದ್ದಾರಿಗೆ ತಾಗಿಕೊಂಡಿರುವ ಸಭಾಭವನ, ಮೂರು ತಾಲೂಕಿನ ಆಟಗಾರರಿಗೂ ಅವರಿಗೆ ಕಲಿಸಿದವರಿಗೂ ಸನ್ಮಾನ, ಕೊನೆಗೆ ಕೋಳಿ ಸುಕ್ಕದ ಊಟ. ನಿರೂಪಣೆ ನನ್ನದು. ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು, ಬಾಯಿಯೂ ಸ್ವಲ್ಪ ಜೋರು, ಹಾಗಾಗಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಸಭೆಯಾದರೂ ಮೈಕು ನನ್ನ ಕೈಗೇ ಬರುತ್ತದೆ. ಸಭೆ ಎಂದರೆ ನನಗೆ ಹೆದರಿಕೆಯಿಲ್ಲ. ಆ ದಿನ ಮಾತ್ರ ಅಂಗೈ ಬೆವರುತ್ತಿತ್ತು.

ಸನ್ಮಾನಿತರ ಪಟ್ಟಿಯಲ್ಲಿ ಆರನೆಯವರು ನಮ್ಮ ಅಣ್ಣ. ಒಡಹುಟ್ಟಿದವರಲ್ಲ. ಬೈಂದೂರು ಲೈನಿನ ಖಾಸಗಿ ಬಸ್ಸಿನ ಕಂಡಕ್ಟರ್. ಪ್ರಾಯದಲ್ಲಿ ಒಳ್ಳೆಯ ಕಬಡ್ಡಿ ಆಟಗಾರ, ಮಂಡಿ ಮುರಿದುಕೊಂಡ ಮೇಲೆ ಬಸ್ಸಿಗೆ ಸೇರಿದವರು. ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ನಮ್ಮೂರ ಶಾಲೆಯ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಹೇಳಿಕೊಡುವುದನ್ನು ಮಳೆ ಬಂದರೂ ಚಳಿ ಬಂದರೂ ಬಿಟ್ಟವರಲ್ಲ. ಅವರ ಮೊದಲ ತಂಡ ನಮ್ಮದು. ಈ ವರ್ಷದ ತಂಡ ರಾಜ್ಯಮಟ್ಟದಲ್ಲಿ ಕಪ್ಪು ಗೆದ್ದು ಬಂದ ಮೇಲೆ ಸಮಿತಿಯವರಿಗೆ ಅವರ ನೆನಪಾಯಿತು. ಇಷ್ಟು ವರ್ಷ ಇವರೆಲ್ಲ ಕಣ್ಣು ಎಲ್ಲಿಟ್ಟಿದ್ದರೋ, ನನಗಂತೂ ಗೊತ್ತಿಲ್ಲ.

ಒಪ್ಪಿಸಲು ಬಸ್ ಸ್ಟ್ಯಾಂಡಿಗೆ ನಾನೇ ಹೋಗಿದ್ದೆ. “ಬತ್ತೆ ಮಾರಾಯ್ತಿ. ಆದ್ರೆ ಆರ್ ಇಪ್ಪತ್ತಕ್ಕೆ ನನ್ ಬಸ್ ಹೊರಡ್ಕ್. ಅಷ್ಟ್ರೊಳ್ಗೆ ಮುಗಿದ್ರೆ ಆಯ್ತ್. ಇಲ್ದಿರೆ ಆ ಶಾಲ್ ನೀನೇ ಹೊದ್ಕೊ” ಎಂದರು. ಮದುವೆಯ ಸೀಸನ್, ಬದಲಿಗೆ ಜನ ಸಿಕ್ಕಿರಲಿಲ್ಲ. ಇದು ಹಟ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ನಮ್ಮ ಬಸ್ಸುಗಳ ಟೈಮಿಂಗ್ ಎಂದರೆ ಹುಡುಗಾಟವಲ್ಲ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವರು ನಡುರಸ್ತೆಯಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಅವರು ಕಲಿಸಿದ ರೀತಿಯೂ ಬಸ್ಸಿನದ್ದೇ. ಕೈಯಲ್ಲಿದ್ದದ್ದು ಕಂಡಕ್ಟರ್ ಸೀಟಿ. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಓಡಬೇಕು. ಆರು ತಿಂಗಳು ಹಾಗೇ ಅಭ್ಯಾಸ ಮಾಡಿದೆವು. ಬ್ರಹ್ಮಾವರದಲ್ಲಿ ನಮ್ಮ ಮೊದಲ ಪಂದ್ಯ. ಅಂಪೈರು ಆಟ ಶುರು ಮಾಡಲು ಉದ್ದಕ್ಕೆ ಒಂದೇ ಸೀಟಿ ಊದಿದರು. ನಾವು ಏಳೂ ಜನ ಕಂಬದ ಹಾಗೆ ನಿಂತುಬಿಟ್ಟೆವು. ಎದುರಿನವಳು ಕಬಡ್ಡಿ ಕಬಡ್ಡಿ ಎನ್ನುತ್ತಾ ಆರಾಮಾಗಿ ಒಳಗೆ ಬಂದು ಮೂವರನ್ನು ಮುಟ್ಟಿ, ಅಂಗಡಿಯಿಂದ ಸಾಮಾನು ತೆಗೆದುಕೊಂಡು ಹೋಗುವವಳಂತೆ ವಾಪಸ್ಸು ಹೋದಳು. ಗೆರೆಯಾಚೆ ನಿಂತು ಅಣ್ಣ “ರೈಟ್, ರೈಟ್, ಹೋಯ್ಲಿ” ಎಂದು ಕೂಗಿದ ಮೇಲೆ ನಮ್ಮ ಕಾಲು ಎದ್ದಿತು. ಮೈದಾನದ ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಪಂದ್ಯ ಸೋತೆವು. ಮಾರನೆಯ ದಿನವೇ ಅವರು ಕಲಿಸುವ ಕ್ರಮ ಬದಲಾಯಿಸಿದರು. ಮುಂದಿನ ವರ್ಷ ಜಿಲ್ಲೆಗೇ ನಾವು ಮೊದಲು.

ಅಂಗೈ ಬೆವರಿದ್ದು ಆ ಜಿಲ್ಲೆಯ ಪಂದ್ಯದ ಕಾರಣಕ್ಕೆ. ಕಪ್ಪು ನನ್ನ ಕೈಯಲ್ಲಿತ್ತು, ನಾನು ಕ್ಯಾಪ್ಟನ್, ವಯಸ್ಸು ಹದಿನೇಳು. ಪತ್ರಿಕೆಯವರೊಬ್ಬರು ಬಂದು ನಿಮಗೆ ಕಲಿಸಿದವರು ಯಾರು ಎಂದು ಕೇಳಿದರು. ಅಕ್ಕಪಕ್ಕ ಪೇಟೆಯ ದೊಡ್ಡ ಶಾಲೆಗಳ ಹುಡುಗಿಯರು, ಅವರ ಹಿಂದೆ ಬಿಳಿ ಟ್ರ್ಯಾಕ್ ಪ್ಯಾಂಟಿನ ಕೋಚುಗಳು. ಕಂಡಕ್ಟರ್ ಎಂದು ಹೇಳಲು ನನಗೆ ನಾಚಿಕೆಯಾಯಿತು. “ನಮ್ಮ ಪಿ.ಟಿ. ಮಾಸ್ಟ್ರು” ಎಂದುಬಿಟ್ಟೆ. ನಮ್ಮ ಶಾಲೆಯಲ್ಲಿ ಆಗ ಪಿ.ಟಿ. ಮಾಸ್ಟ್ರೇ ಇರಲಿಲ್ಲ. ಅಣ್ಣ ನಮ್ಮೆಲ್ಲರ ಚಪ್ಪಲಿ ತುಂಬಿದ ಚೀಲ ಹಿಡಿದುಕೊಂಡು ಎಲ್ಲೋ ಹಿಂದೆ ನಿಂತಿದ್ದರು. ಅವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ನಲವತ್ತು ದಾಟಿದೆ.

ಅವರ ಸನ್ಮಾನ ಪತ್ರ ಬರೆಯುವ ಕೆಲಸ ಬಂದಾಗ ಇದನ್ನು ಅವರ ಎದುರಲ್ಲೇ, ಮೈಕಿನಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿಬಿಡುವುದು ಎಂದು ತೀರ್ಮಾನ ಮಾಡಿದೆ. ಆರು ಇಪ್ಪತ್ತರೊಳಗೆ ಹೇಳಬೇಕು. ಈ ಸಲ ತಪ್ಪಿದರೆ ಅವರು ಇನ್ನೊಮ್ಮೆ ವೇದಿಕೆ ಹತ್ತುವ ಜನವಲ್ಲ, ನನಗೂ ಇನ್ನೊಮ್ಮೆ ಧೈರ್ಯ ಬರುವುದಿಲ್ಲ.

ಐದೂಕಾಲಿಗೆ ದೀಪ ಹಚ್ಚಿದರು. ಸ್ವಾಗತ, ಪ್ರಾಸ್ತಾವಿಕ, ಹೂಗುಚ್ಛ. ಆರು ಗಂಟೆಗೆ ಮುಖ್ಯ ಅತಿಥಿಗಳು ಎದ್ದರು. ಮುಂಬಯಿಯಲ್ಲಿ ಹೋಟೆಲು ನಡೆಸುವವರು, ಒಳ್ಳೆಯ ಮನುಷ್ಯ, ಆದರೆ ತಾವು ಶಾಲೆಯಲ್ಲಿ ಓಡಿದ ಒಂದು ಓಟವನ್ನು ಮೊದಲ ಹೆಜ್ಜೆಯಿಂದ ಶುರುಮಾಡಿದರು. ಅಣ್ಣ ಮೂರನೇ ಸಾಲಿನಲ್ಲಿ ಖಾಕಿ ಅಂಗಿಯಲ್ಲೇ ಕುಳಿತು ಗಡಿಯಾರ ನೋಡುತ್ತಿದ್ದರು. ನಾನು ಒಂದು ಚೀಟಿ ಬರೆದು ಅತಿಥಿಗಳ ಮುಂದಿಟ್ಟೆ. ಅವರು ಅದನ್ನು ಓದದೆ, ನಕ್ಕು, ಜೇಬಿಗೆ ಹಾಕಿಕೊಂಡರು. ಹೊಗಳಿಕೆ ಎಂದುಕೊಂಡರೋ ಏನೋ. ನನಗೆ ಕೋಪ ನೆತ್ತಿಗೇರಿತು. ಸಮಿತಿಯ ಅಧ್ಯಕ್ಷರ ಕಿವಿಯಲ್ಲಿ ಸನ್ಮಾನ ಈಗಲೇ ಮಾಡುವ ಎಂದೆ.

“ಕ್ರಮ ಅಂತ್ ಒಂದ್ ಇತ್ತಲ್ಲ ಟೀಚರೆ” ಎಂದರು ಅವರು.

ಆರು ಹನ್ನೆರಡಕ್ಕೆ ಅತಿಥಿಗಳು ನೀರು ಕುಡಿಯಲು ಲೋಟ ಎತ್ತಿದರು. ಅಷ್ಟೇ ಸಾಕಾಯಿತು. “ಮಾನ್ಯರ ಸ್ಫೂರ್ತಿಯ ಮಾತಿಗೆ ಜೋರಾದ ಚಪ್ಪಾಳೆ” ಎಂದೆ. ಜನ ಇದನ್ನೇ ಕಾಯುತ್ತಿದ್ದವರಂತೆ ಚಪ್ಪಾಳೆ ತಟ್ಟಿದರು. ಲೋಟ ಕೆಳಗಿಡುವಷ್ಟರಲ್ಲಿ ಅವರ ಭಾಷಣ ಮುಗಿದಿತ್ತು. ಅಧ್ಯಕ್ಷರು ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಆದರೆ ಪಟ್ಟಿಯ ಆರನೆಯ ಹೆಸರನ್ನು ಮೊದಲು ಕೂಗಿಯಾಗಿತ್ತು.

ಕೂಗಿದ್ದೇ ತಡ, ಹಿಂದಿನ ಸಾಲಿನಿಂದ ಈ ವರ್ಷದ ಹುಡುಗಿಯರು ಎದ್ದು ಓಡಿ ಬಂದರು. ಬೇಡ ಬೇಡ ಎನ್ನುತ್ತಿದ್ದ ಅಣ್ಣನ ರಟ್ಟೆ ಹಿಡಿದು ಎಳೆದುಕೊಂಡೇ ವೇದಿಕೆಗೆ ತಂದರು. ಅವರ ಹಿಡಿತದಿಂದ ಯಾರಾದರೂ ತಪ್ಪಿಸಿಕೊಳ್ಳುವುದು ಉಂಟೇ, ಹಿಡಿಯಲು ಕಲಿಸಿದವರೇ ಅಣ್ಣ. ಕುರ್ಚಿಯಲ್ಲಿ ಕೂರಿಸಿ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿದರು, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟರು. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್. ಡ್ರೈವರ್ ಬಸ್ಸನ್ನು ಸಭಾಭವನದ ಎದುರಿಗೇ ತಂದು ನಿಲ್ಲಿಸಿದ್ದ. ಪ್ರಯಾಣಿಕರು ಕಾದು ಕಾದು, ಕಂಡಕ್ಟರಿಗೆ ಒಳಗೆ ಏನು ಮಾಡುತ್ತಿದ್ದಾರೆ ನೋಡುವ ಎಂದು ಒಬ್ಬೊಬ್ಬರೇ ಇಳಿದು ಬಂದರು. ಕಾಲೇಜಿನ ಮಕ್ಕಳು, ಖಾಲಿ ಮೀನು ಬುಟ್ಟಿ ಹಿಡಿದ ಹೆಂಗಸರು, ಗೇರುಬೀಜದ ಕಾರ್ಖಾನೆಯಿಂದ ಹೊರಟವರು, ಎಲ್ಲ ಬಾಗಿಲಲ್ಲಿ ಒತ್ತಿಕೊಂಡು ನಿಂತರು.

ಅವರನ್ನು ಸರಿಸಿಕೊಂಡು ಹಿಂದಿನ ಬಸ್ಸಿನ ಕಂಡಕ್ಟರ್ ನುಗ್ಗಿದ. “ಹ್ವಾಯ್, ಎಂತ ಇದ್? ನನ್ ಟೈಮಂಗೆ ನೀವ್ ಹೋಪ್ದಾ?” ಎಂದು ಕೂಗಿದವನು ಪೇಟ ತೊಟ್ಟು ಕುಳಿತವರನ್ನು ನೋಡಿ ಬಾಯಿ ಮುಚ್ಚಿದ. ಮತ್ತೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಸಭೆಯಿಡೀ ನಕ್ಕಿತು. ನನಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸನ್ಮಾನ ಪತ್ರ ಓದಲು ಶುರುಮಾಡಿದೆ. ಅರ್ಧಕ್ಕೆ ಬಂದು ಪತ್ರ ಮಡಚಿದೆ. ಜಿಲ್ಲೆಯ ಕಪ್ಪು ಗೆದ್ದ ದಿನ ಪತ್ರಿಕೆಯವರಿಗೆ ನಾನು ಏನು ಹೇಳಿದೆ, ಯಾಕೆ ಹೇಳಿದೆ, ಎಲ್ಲವನ್ನೂ ಹೇಳಿದೆ. “ನಮಗೆ ಕಲಿಸಿದವರು ಇವರು. ಕಂಡಕ್ಟರ್. ಅವತ್ತು ಹೇಳಲಿಲ್ಲ, ಇವತ್ತು ಹೇಳುತ್ತಿದ್ದೇನೆ” ಎಂದೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಪ್ಪತ್ತೇಳು ವರ್ಷದ ಭಾರ ಇಳಿಯಿತೆಂದು ನನಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಎರಡು ಮಾತು ಹೇಳಿ ಎಂದು ಮೈಕನ್ನು ಅವರ ಮುಂದೆ ಹಿಡಿದೆ.

“ಕೇಂಡಿತ್ತ್” ಎಂದರು, ಕೇಳಿಸಿತ್ತು ಎಂದು. “ಅವತ್ತೇ ಕೇಂಡಿತ್ತ್ ನಂಗೆ. ಬೇಜಾರಾಯಿತ್ತ್, ಸುಳ್ಳ್ ಎಂತಕ್ ಹೇಳೂದ್. ಡ್ಯೂಟಿ ಬದ್ಲಾಯ್ತ್ ಅಂತ್ ಹೇಳಿ ಹದ್ನೈದ್ ದಿವ್ಸ ಗ್ರೌಂಡಿಗೆ ಬರ್ಲಿಲ್ಲೆ. ಡ್ಯೂಟಿ ಎಂತ ಬದ್ಲಾಯಿರ್ಲಿಲ್ಲೆ. ಬಿಟ್ಟೇ ಬಿಡುವ ಅಂದ್ಕಂಡಿದ್ದೆ. ಒಂದಿವ್ಸ ಬಸ್ಸಂಗ್ ಹೋಪತಿಗೆ ಕಂಡ್ರೆ, ಏಳೂ ಹೆಣ್ಮಕ್ಳ್ ಅವ್ರಷ್ಟಕ್ಕೇ ಗ್ರೌಂಡ್ ಸುತ್ತ್ ಓಡ್ತಾ ಇದ್ದೊ. ಎಲ್ಲರ್‌ಕಿಂತ ಮುಂದೆ ಇವ್ಳೇ. ಮರ್ದಿವ್ಸ ಬಂದೆ.”

ಆಮೇಲೆ ಹಣ್ಣಿನ ಬುಟ್ಟಿ ಎತ್ತಿಕೊಂಡು ಎದ್ದರು. ಮೈಕಿಗೆ ಬೆನ್ನು ಹಾಕಿ, ನನಗೊಬ್ಬಳಿಗೇ ಕೇಳುವಂತೆ ಕೇಳಿದರು. “ಎಂಟ್ ವರ್ಷ ಆಯ್ತಲ್ಲೆ, ದಿನಾ ನನ್ ಬಸ್ಸಂಗೇ ಶಾಲಿಗ್ ಹೋಪವ್ಳ್. ಒಂದಿವ್ಸ ಹೇಳುಕ್ ಆಯ್ಲಿಲ್ಯಾ?”

“ಹೆದ್ರಿಕಿ ಆಯ್ತ್ ಅಣ್ಣ.”

“ನಾನೂ ಕಾದಿದ್ದೆ ಮಾರಾಯ್ತಿ” ಎಂದರು.

ಶಾಲು ಹೊದ್ದುಕೊಂಡೇ ಮೆಟ್ಟಿಲಿಳಿದು, ಪ್ರಯಾಣಿಕರನ್ನು ಮುಂದೆ ಹಾಕಿಕೊಂಡು ಹೋದರು. ಎಂಟು ವರ್ಷ ದಿನಾ ಬೆಳಿಗ್ಗೆ ಟಿಕೆಟ್ ಕೊಟ್ಟ ಮೇಲೂ ಅವರು ನನ್ನ ಸೀಟಿನ ಹತ್ತಿರ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದೆ.