ಕಣ್ಣು ಬಿಡಿಸುವ ನೇಮ

ಶಿವಾರಪಟ್ಟಣದಲ್ಲಿ ಉಳಿ ಹಿಡಿದವರಿಗೇನು ಬರವಿಲ್ಲ. ಆದರೂ ವಿಗ್ರಹಕ್ಕೆ ಕಣ್ಣು ಬಿಡಿಸಬೇಕೆಂದರೆ ಜನ ಉಮಾಶಂಕರಾಚಾರಿಯ ಬಾಗಿಲಿಗೇ ಬರುತ್ತಿದ್ದರು. ಅಪ್ಪನಿಂದ ಅವನಿಗೆ ಕೈಚಳಕದ ಜೊತೆಗೆ ಒಂದು ನೇಮವೂ ಬಂದಿತ್ತು. ಕಣ್ಣಿಗೆ ಉಳಿ ಇಟ್ಟ ಹೊತ್ತಿನಿಂದ ಎರಡೂ ಕಣ್ಣು ತೆರೆಯುವವರೆಗೆ ಹೊಟ್ಟೆಗೆ ಅನ್ನ ಬೀಳಬಾರದು. ಹಾಲು, ಹಣ್ಣು, ಅಷ್ಟೆ.

ನಲವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಅವನ ಬಲಗಣ್ಣು ನೋಯತೊಡಗಿತು. ಕಲ್ಲಿನ ಪುಡಿ ಬಿದ್ದಿರಬೇಕೆಂದು ಹೆಂಡತಿ ಆಶಾರಾಣಿ ಹರಳೆಣ್ಣೆ ಬಿಟ್ಟಳು. ವಾರದೊಳಗೆ ಆ ಕಣ್ಣಿಗೆ ಮಸಿಬಟ್ಟೆ ಕಟ್ಟಿದ ಹಾಗಾಯಿತು. ಕೋಲಾರಕ್ಕೆ ಓಡಿದರು.

ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ನೋಡಿ ಡಾಕ್ಟರಮ್ಮ ಹೇಳಿದರು: "ಆಚಾರ್ರೇ, ಕೆಟ್ಟಿರೋದು ಕಣ್ಣಲ್ಲ, ಅದರ ಹಿಂದಿನ ನರ. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದು ಕಾವಲು ಪಡೆ ಇರುತ್ತೆ. ರೋಗದ ಹುಳ ಕಂಡ್ರೆ ಒಬ್ಬರ ಹಿಂದೆ ಒಬ್ಬರು ಸೇರ್ಕೊಂಡು ಅದರ ಮೈ ಕೊರೆದು ಸಾಯಿಸ್ತಾರೆ. ನಿಮ್ಮಲ್ಲಿ ಅವರು ದಾರಿ ತಪ್ಪಿ ನಿಮ್ಮ ನರಾನೇ ಕೊರೀತಾ ಇದ್ದಾರೆ."

"ನಮ್ಮ ಕಸುಬೇ ಕಲ್ತವ್ರೆ ಬಿಡಿ," ಎಂದ ಆಚಾರಿ.

ಡಾಕ್ಟರಮ್ಮ ನಗಲಿಲ್ಲ. "ಹೋದ ಕಣ್ಣು ಬರಲ್ಲ. ಇನ್ನೊಂದನ್ನ ಉಳಿಸ್ಕೋಬೇಕು. ಈ ಮಾತ್ರೆ ಒಂದು ದಿನಾನೂ ಬಿಡಬೇಡಿ. ಖಾಲಿ ಹೊಟ್ಟೇಲಿ ನುಂಗಬೇಡಿ."

ವರ್ಷ ಒಂಟಿಗಣ್ಣಿನಲ್ಲೇ ಕಳೆಯಿತು. ತಾಯಲೂರಿನ ಕಡೆಯವರು ತಮ್ಮ ಗ್ರಾಮದೇವತೆಯ ವಿಗ್ರಹಕ್ಕೆ ಹೇಳಿ ಹೋದರು. ಮೈ ಕೆತ್ತಿದ್ದು ಆಚಾರಿಯ ತಮ್ಮ ನಂದೀಶ. ಕಣ್ಣಿಗೆ ಅಣ್ಣನೇ ಕೂತ. ಮೊದಲಾದರೆ ಮಧ್ಯಾಹ್ನದೊಳಗೆ ಮುಗಿಯುತ್ತಿದ್ದ ಕೆಲಸ. ಈಗ ಆಳ ತಿಳಿಯದು. ಬೆರಳಿನಿಂದ ಸವರಿ ಒಂದು ಗೀರು, ಮತ್ತೆ ಸವರಿ ಇನ್ನೊಂದು. ದಿನಗಳು ಉರುಳಿದವು.

"ರೀ, ಮಾತ್ರೆ?" ಎಂದಳು ಆಶಾರಾಣಿ.

"ಖಾಲಿ ಹೊಟ್ಟೇಲಿ ಬೇಡ ಅಂದವ್ರಲ್ಲ ಆಯಮ್ಮ. ಮುಗೀಲಿ, ನುಂಗ್ತೀನಿ."

"ಹಂಗಾದ್ರೆ ಒಂದು ತುತ್ತು ಉಣ್ಣಿ."

"ಉಂಡು ಬಿಡಿಸಿದ ಕಣ್ಣು ಯಾರನ್ನ ನೋಡುತ್ತೆ ಕಣೇ? ನಿನ್ನನ್ನಾ?"

ಹಾಲು ಹಣ್ಣು ಬಿದ್ದರೂ, ಅನ್ನವಿಲ್ಲದ ಹೊಟ್ಟೆ ಆ ಮನೆಯವರ ಪಾಲಿಗೆ ಖಾಲಿ ಹೊಟ್ಟೆಯೇ. ಅವಳೂ ಅದೇ ಒಲೆಯ ಮುಂದೆ ಬಾಳಿದವಳು, ಒತ್ತಾಯಿಸಲಿಲ್ಲ.

ದೇವಿಯ ಬಲಗಣ್ಣು ಮುಗಿಯಿತು. ಎಡಗಣ್ಣಿಗೆ ಗೆರೆ ಎಳೆದ ಮರುದಿನ ಗೆರೆಯೇ ಕಾಣಲಿಲ್ಲ.

"ನಂದೀ, ಬಾಗಿಲು ಪೂರ್ತಿ ತೆಗಿಯೋ, ಕತ್ತಲು."

"ತೆಗ್ದೇ ಐತಲ್ಲಣ್ಣ. ಬಿಸಿಲು ನಿನ್ನ ಮಡಿಲ ಮೇಲೇ ಬಿದ್ದೈತೆ."

ಕೋಲಾರದಲ್ಲಿ ಡ್ರಿಪ್ ಹಾಕಿದರು, ರಕ್ತ ತೊಳೆದರು. ಕಣ್ಣು ತಿರುಗಿ ಬರಲಿಲ್ಲ.

"ಮಾತ್ರೆ ಯಾಕೆ ಬಿಟ್ರಿ?" ಎಂದರು ಡಾಕ್ಟರಮ್ಮ.

"ನೀವೇ ಹೇಳಿದ್ರಲ್ಲಮ್ಮ, ಖಾಲಿ ಹೊಟ್ಟೇಲಿ ಬೇಡ ಅಂತ."

ಅವರು ಹಳೆಯ ಚೀಟಿಯನ್ನು ಮಡಚಿಟ್ಟರು. ಆಮೇಲೆ, ಆ ಕೊರೆತ ತಡೆಯುವ ಇಂಜೆಕ್ಷನ್ ಇದೆ, ಆದರೆ ಅದರ ಬೆಲೆ ನಿಮ್ಮ ಕೈಗೆ ಎಟುಕುವುದಲ್ಲ ಎಂದರು. ಸಿಕ್ಕರೂ ಕಣ್ಣು ಬರುವುದಿಲ್ಲ, ಮುಂದೆ ಆ ಕೊರೆತ ಬೆನ್ನುಹುರಿಗೆ ಇಳಿದು ಕಾಲಿನ ಸ್ವಾಧೀನ ಹೋಗದಂತೆ ತಡೆಯಬಹುದು, ಅಷ್ಟೆ.

ತಾಯಲೂರಿನವರು ಮುಹೂರ್ತ ಇಟ್ಟುಕೊಂಡಿದ್ದರು. ನಂದೀಶನೇ ಉಪವಾಸವಿದ್ದು ಎಡಗಣ್ಣು ಬಿಡಿಸಿದ. ಬಂದವರೆಲ್ಲ ಕೈಮುಗಿದು, ಅಮ್ಮ ಎದುರಿಗೇ ನೋಡ್ತಾವ್ಳೆ ಎಂದರು. ಆಚಾರಿ ತಡವರಿಸುತ್ತಾ ಹತ್ತಿರ ಹೋಗಿ ಎರಡೂ ಕಣ್ಣಿನ ಮೇಲೆ ಹೆಬ್ಬೆರಳು ಆಡಿಸಿದ. ಎಡಗಣ್ಣಿನ ಕೆಳರೆಪ್ಪೆ ಒಂದು ಕೂದಲೆಳೆಯಷ್ಟು ಇಳಿದಿತ್ತು.

"ಹೆಂಗೈತಣ್ಣ?"

"ಚೆನ್ನಾಗೈತೆ ಕಣೋ. ಕಳ್ಸು."

ಟ್ರ್ಯಾಕ್ಟರ್ ಹೊರಟಿತು. ಕೈಗೆ ಕಲ್ಲಿನ ಪುಡಿ ಹತ್ತಿತ್ತು; ನಲ್ಲಿ ಯಾವ ಕಡೆ ಎಂದು ಅವನು ಹೆಂಡತಿಯನ್ನು ಕೇಳಿದ.